ಯುದ್ಧದ ವಾರ್ತೆ, ಶಾಂತಿಯ ನಿರೀಕ್ಷೆ

ಬೆಳಗಿನ ವಾರ್ತೆಯನ್ನು ಕೇಳಿ ಮುಗಿಸುವ ವೇಳೆಗೆ ಮನಸ್ಸು ಕುಂದಿಹೋಗುವುದು ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಬಹುಮಂದಿಯ ಅನುಭವವಾಗಿದೆ. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. 2023ರ ಏಪ್ರಿಲಿನಲ್ಲಿ ಸುಡಾನಿನ ಅಂತಃಕಲಹ ಹೊತ್ತಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ ನಡೆದ ಹತ್ಯೆಗಳು, ಅವುಗಳ ಬೆನ್ನಿಗೇ ಗಾಜಾದ ಮೇಲೆ ಸುರಿದ ಬೆಂಕಿಯ ಮಳೆ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗಳ ಕೊಲೆಯಾಯಿತು. ಮೇ ತಿಂಗಳಿನಲ್ಲಿ ನಮ್ಮ ಗಡಿಯಲ್ಲೇ ನಾಲ್ಕು ದಿನ ಕಾಳಗ ನಡೆಯಿತು. ಇಂಥ ವಾರ್ತೆಗಳ ನಡುವೆ ಶಾಂತಿಯ ಮಾತನ್ನು ಆಡುವವನನ್ನು ಜನ ಮರುಕದಿಂದ ನೋಡುತ್ತಾರೆ. ‘ಪಾಪ, ಹಳೆಯ ಕಾಲದವರು’ ಎಂದು ಸುಮ್ಮನಾಗುತ್ತಾರೆ. ಶಾಂತಿಯ ನಿರೀಕ್ಷೆಯನ್ನು ಇಟ್ಟುಕೊಳ್ಳುವುದು ವಿವೇಕವೋ ಭ್ರಮೆಯೋ ಎಂಬ ಪ್ರಶ್ನೆಯನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ನಾನು ರಾಜನೀತಿಜ್ಞನಲ್ಲ, ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು, ಬಳ್ಳಾರಿಯ ನಿವಾಸಿ. ನನ್ನ ಕೈಯಲ್ಲಿರುವ ಸಾಧನಗಳು ಎರಡೇ: ನಮ್ಮ ಕವಿಗಳು, ನಮ್ಮ ಸೀಮೆಯ ಕಲ್ಲು ಮಣ್ಣು.

ಇಂಥ ಕಾಲದಲ್ಲಿ ಮನಸ್ಸು ಎರಡು ಕಡೆಗೆ ಜಾರುತ್ತದೆ. ಮೊದಲನೆಯದು ಜಡತೆ. ಇಂದು ನೂರು ಜನ ಸತ್ತರು, ನಿನ್ನೆ ಇನ್ನೂರು ಎಂದು ಕೇಳಿ ಕೇಳಿ ಕಿವಿಯು ಕಲ್ಲಾಗುತ್ತದೆ. ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ಸಂಖ್ಯೆ ಮರೆತುಹೋಗಿರುತ್ತದೆ. ಎರಡನೆಯದು ಹುಸಿ ಸಮಾಧಾನ. ಎಲ್ಲವೂ ದೈವಚಿತ್ತ, ಕಾಲವೇ ಸರಿಪಡಿಸುತ್ತದೆ ಎಂದುಕೊಂಡು ನಿಟ್ಟುಸಿರು ಬಿಡುವುದು. ನೋಡುವುದಕ್ಕೆ ಇವೆರಡೂ ಬೇರೆ ಬೇರೆ. ಆದರೆ ಎರಡರ ಫಲ ಒಂದೇ. ಎರಡರಲ್ಲಿಯೂ ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ.

ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತದೆ, ಬಳ್ಳಾರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ನಮ್ಮ ಜಿಲ್ಲೆಯ ಚರಿತ್ರೆ ಬೇರೆಯೇ ಹೇಳುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಆಗ ಧಾರವಾಡ, ಬಳ್ಳಾರಿಗಳ ಎರೆಹೊಲದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು. ಸಮುದ್ರದಾಚೆಯ ಸಾವು ನಮ್ಮ ರೈತನಿಗೆ ಮೊದಲು ಲಾಭವಾಗಿಯೂ ಆಮೇಲೆ ನಷ್ಟವಾಗಿಯೂ ಬಂತು. 2022ರಲ್ಲಿ ಯುಕ್ರೇನಿನ ಬಂದರುಗಳು ಮುಚ್ಚಿದಾಗ ನಮ್ಮ ಅಡಿಗೆಮನೆಯ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದು ಗೃಹಿಣಿಯರಿಗೆಲ್ಲ ನೆನಪಿದೆ.

ಸರಕಿನ ಮಾತು ಹಾಗಿರಲಿ, ಮನುಷ್ಯರೂ ಬಂದಿದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ತುರ್ಕಿ ಸೈನಿಕರನ್ನು ತಂದು ಇರಿಸಿದ ಶಿಬಿರಗಳಲ್ಲಿ ನಮ್ಮ ಬಳ್ಳಾರಿಯದೂ ಒಂದು. 1917ರಲ್ಲಿ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾಗಳ ಸೆರೆಶಿಬಿರಗಳನ್ನು ನೋಡುತ್ತ ಇಲ್ಲಿಗೂ ಬಂದು ಹೋದರು. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ ಈ ಬಿಸಿಲ ಊರಿನಲ್ಲಿ ಆ ರೈತರ ಮಕ್ಕಳು ಮನೆಯ ಕಾಗದಕ್ಕಾಗಿ ಕಾದು ಕುಳಿತಿದ್ದಿರಬೇಕು. ಇಲ್ಲಿಂದ ಹೊರಗೆ ಹೋದವರೂ ಇದ್ದಾರೆ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ಆಹಾರ ತರಲೆಂದು ಹೊರಗೆ ಬಂದಿದ್ದಾಗ ದಾಳಿಗೆ ಸಿಕ್ಕಿ ಸತ್ತ. ಸುಮಾರು ಮೂರು ವಾರಗಳ ಮೇಲೆ ದೇಹ ಊರಿಗೆ ಬಂತು. ತಂದೆತಾಯಿ ಪೂಜೆ ಮುಗಿಸಿ, ಆ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಒಪ್ಪಿಸಿದರು. ಮಗ ಓದಿ ಮುಗಿಸಲಾಗದೆ ಹೋದ ವಿದ್ಯೆಯನ್ನು ಬೇರೆಯವರ ಮಕ್ಕಳು ಓದಲಿ ಎಂಬುದಕ್ಕಿಂತ ದೊಡ್ಡ ಶಾಂತಿವಾಕ್ಯವನ್ನು ಆ ವರ್ಷ ಯಾವ ರಾಜಧಾನಿಯಿಂದಲೂ ನಾನು ಕೇಳಲಿಲ್ಲ.

ಇನ್ನು ನಮ್ಮ ಕವಿಗಳ ಮಾತಿಗೆ ಬರುತ್ತೇನೆ. ಕನ್ನಡದ ಆದಿಕವಿ ಪಂಪ ಅರಿಕೇಸರಿಯ ಆಸ್ಥಾನದಲ್ಲಿದ್ದವನು. ಕವಿಯೂ ಹೌದು, ಕಲಿಯೂ ಹೌದು. ಯುದ್ಧವನ್ನು ಕಂಡರಿಯದೆ ಬರೆದವನಲ್ಲ. ಅವನ ‘ಆದಿಪುರಾಣ’ ಕ್ರಿ.ಶ. 941ರ ಕೃತಿ. ಅದರಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತ ಸಂದರ್ಭವನ್ನು ತಾವು ಬಲ್ಲಿರಿ. ಆಗ ಎರಡೂ ಕಡೆಯ ಮಂತ್ರಿಗಳು ಕೂಡಿ ಆಲೋಚಿಸುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೆ ಈ ಯುದ್ಧದಲ್ಲಿ ಸಾವಿಲ್ಲ. ಸಾಯುವುದಾದರೆ ಸೈನಿಕರು ಸಾಯಬೇಕು. ಆದ್ದರಿಂದ ಸೇನೆಗಳು ದೂರ ನಿಲ್ಲಲಿ, ದೃಷ್ಟಿಯುದ್ಧ ಜಲಯುದ್ಧ ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ತೀರಿಸಿಕೊಳ್ಳಲಿ ಎಂಬುದು ಮಂತ್ರಿಗಳ ನಿರ್ಣಯ. ಪುರಾಣದ ಚೌಕಟ್ಟಿನೊಳಗೆ ಹೇಳಿದ ಈ ಮಾತಿನ ಲೌಕಿಕ ಅರ್ಥ ಎಷ್ಟು ಹರಿತವಾದದ್ದು! ಯುದ್ಧವನ್ನು ನಿಶ್ಚಯಿಸುವವರು ಸಾಯುವುದಿಲ್ಲ, ಸಾಯುವವರು ನಿಶ್ಚಯಿಸಿದವರಲ್ಲ. ಈ ಸತ್ಯವನ್ನು ಮಂತ್ರಿಗಳು ಅರಸರ ಮುಖದೆದುರು ಹೇಳಬಲ್ಲವರಾಗಿದ್ದರು, ಅರಸರು ಕೇಳಬಲ್ಲವರಾಗಿದ್ದರು. ಆ ಬಳಿಕ ಬಾಹುಬಲಿ ಮೂರರಲ್ಲೂ ಗೆದ್ದು, ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸುತ್ತಾನೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವವನು ಗೆದ್ದ ಮೇಲೆ ಬಿಟ್ಟುಕೊಟ್ಟವನು ಎಂಬುದನ್ನು ನಾವು ಮರೆಯಬಾರದು.

ರನ್ನನ ‘ಗದಾಯುದ್ಧ’ ಹೆಸರಿನಿಂದಲೇ ಯುದ್ಧದ ಕಾವ್ಯ. ಆದರೆ ಅದರಲ್ಲಿ ಸಹೃದಯರು ಮತ್ತೆ ಮತ್ತೆ ಓದುವ ಭಾಗ ಭೀಮನ ಗದೆಯ ಅಬ್ಬರವಲ್ಲ. ಸಂಜಯನ ಕೈಹಿಡಿದು ದುರ್ಯೋಧನ ರಣಭೂಮಿಯಲ್ಲಿ ನಡೆದುಹೋಗುವ ಭಾಗ. ಹನ್ನೊಂದು ಅಕ್ಷೋಹಿಣಿಯ ಒಡೆಯ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಹೋಗುತ್ತಾನೆ. ಗುರು ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ. ತನ್ನ ಮಗ ಲಕ್ಷಣಕುಮಾರನ ದೇಹವನ್ನು ಕಂಡು, ಮಗ ತಂದೆಗೆ ತರ್ಪಣ ಬಿಡಬೇಕಾದ ಕ್ರಮ ತಲೆಕೆಳಗಾಯಿತಲ್ಲ ಎಂದು ಕೊರಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಎದುರೂ ನಿಂತು, ಆ ಬಾಲಕನ ಕೆಚ್ಚಿಗೆ ಕೈಮುಗಿಯುತ್ತಾನೆ. ‘ಅಕ್ಷೋಹಿಣಿ’ ಎಂಬುದು ಒಂದು ಲೆಕ್ಕ. ಆ ಲೆಕ್ಕವನ್ನು ಒಡೆದು ಒಂದೊಂದೇ ಮುಖವನ್ನು ತೋರಿಸುವುದು ಕವಿ ಮಾಡಿದ ಕೆಲಸ. ವಾರ್ತೆಯಲ್ಲಿ ಸಂಖ್ಯೆಯಾಗಿ ಬಂದವರನ್ನು ಮತ್ತೆ ಮನುಷ್ಯರನ್ನಾಗಿ ಮಾಡುವ ಶಕ್ತಿ ಕಾವ್ಯಕ್ಕೆ ಇದೆ. ಕಿವಿ ಕಲ್ಲಾಗದಂತೆ ಕಾಯುವ ಔಷಧಿ ಇದೇ ಎಂದು ನಾನು ನಂಬಿದ್ದೇನೆ.

ಈ ಭಾಗವನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಸಿರುಗುಪ್ಪದ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸರ್, ಅಷ್ಟೆಲ್ಲ ಕಂಡು ಅತ್ತವನು ಭೀಷ್ಮರು ಸಂಧಿ ಮಾಡಿಕೋ ಎಂದಾಗ ಯಾಕೆ ಒಪ್ಪಲಿಲ್ಲ?” ಎಂದು ಕೇಳಿದ. ಆ ಪ್ರಶ್ನೆ ಈ ಹೊತ್ತಿಗೂ ನನ್ನೊಡನಿದೆ. ದುಃಖವೊಂದೇ ಶಾಂತಿಯನ್ನು ತರುವುದಿಲ್ಲ ಎಂಬುದೇ ಅದಕ್ಕೆ ನಾನು ಕೊಟ್ಟ ಉತ್ತರ. ದುಃಖ ಛಲವಾಗಿಯೂ ತಿರುಗಬಲ್ಲದು. ಸತ್ತವರ ಹೆಸರಿನಲ್ಲಿ ಇನ್ನಷ್ಟು ಜನರನ್ನು ಸಾಯಿಸುವುದು ಜಗತ್ತಿನ ಹಳೆಯ ಚಾಳಿ. ದುಃಖದಿಂದ ಶಾಂತಿಯ ಕಡೆಗೆ ಹೋಗಬೇಕಾದರೆ ನಡುವೆ ಇನ್ನೊಂದು ಹೆಜ್ಜೆ ಬೇಕು. ಆ ಹೆಜ್ಜೆ ಯಾವುದೆಂಬುದಕ್ಕೆ ಉತ್ತರ ಆ ಹುಡುಗನ ತಾಲ್ಲೂಕಿನಲ್ಲೇ, ಹೊಲದ ನಡುವಿನ ಬಂಡೆಯ ಮೇಲೆ ಇದೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬೆಳಕಿಗೆ ಬಂದದ್ದು ತೀರ ಈಚೆಗೆ, 1970ರ ದಶಕದಲ್ಲಿ. ಅಶೋಕನ ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಬರುತ್ತವೆ. ಅರಸನ ಸ್ವಂತ ಹೆಸರು ‘ಅಶೋಕ’ ಎಂಬುದು ಸಿಕ್ಕುವುದು ಬೆರಳೆಣಿಕೆಯ ಕಡೆಗಳಲ್ಲಿ. 1915ರಲ್ಲಿ ಪತ್ತೆಯಾದ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಅಂಥದೊಂದು. ನಮ್ಮ ನಿಟ್ಟೂರು, ಉಡೇಗೋಳಗಳೂ ಆ ಸಾಲಿಗೆ ಸೇರಿದವು. ಹೆಸರಿನಲ್ಲಿಯೇ ‘ಶೋಕವಿಲ್ಲದವನು’ ಎಂಬ ಅರ್ಥವುಳ್ಳ ಅರಸ ಶೋಕವನ್ನು ಕುರಿತು ಏನು ಹೇಳಿದ್ದಾನೆ ಎಂಬುದು ಕುತೂಹಲದ ವಿಷಯ.

ಅದನ್ನು ತಿಳಿಯಲು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿಯ ಬಂಡೆಗಳ ಮೇಲೆ ಹದಿಮೂರನೆಯ ಶಿಲಾಶಾಸನವೂ ಇದೆ. ಪಟ್ಟಾಭಿಷೇಕವಾದ ಎಂಟು ವರ್ಷದ ಮೇಲೆ, ಸುಮಾರು ಕ್ರಿ.ಪೂ. 261ರಲ್ಲಿ, ಕಳಿಂಗವನ್ನು ಗೆದ್ದುದನ್ನು ಅಶೋಕ ಅದರಲ್ಲಿ ಹೇಳುತ್ತಾನೆ. ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು. ಒಂದು ಲಕ್ಷ ಜನ ಹತರಾದರು. ಅದರ ಎಷ್ಟೋ ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತರು. ಗೆದ್ದ ಅರಸರು ಶತ್ರುಗಳ ಸಾವನ್ನು ಎಣಿಸಿ ಹೇಳಿಕೊಳ್ಳುವುದು ಅಪೂರ್ವವೇನಲ್ಲ. ಆದರೆ ಈ ಅರಸ ಆ ಸಂಖ್ಯೆಯನ್ನು ಬಿರುದಿನ ಹಾಗೆ ಹೇಳದೆ ಪಶ್ಚಾತ್ತಾಪದ ಹಾಗೆ ಹೇಳಿದ. ಇನ್ನೊಂದು ಸೂಕ್ಷ್ಮವೂ ಅದರಲ್ಲಿದೆ. ಯುದ್ಧದ ಏಟು ತಮಗೆ ನೇರವಾಗಿ ತಾಗದಿದ್ದರೂ, ತಾವು ಪ್ರೀತಿಸಿದ ಸ್ನೇಹಿತರು ಬಂಧುಗಳು ಕಷ್ಟಕ್ಕೆ ಸಿಕ್ಕಿದ್ದರಿಂದ ನೋಯುವವರಿದ್ದಾರೆ, ಅವರ ನೋವೂ ಯುದ್ಧದ ಹಿಂಸೆಯೇ ಎಂದು ಅವನು ಒಪ್ಪುತ್ತಾನೆ. ದೂರದಲ್ಲಿ ಕುಳಿತು ವಾರ್ತೆ ಕೇಳಿ ಕುಂದುವ ನಮ್ಮಂಥವರ ದುಃಖಕ್ಕೂ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಸ್ಥಾನ ಸಿಕ್ಕಿದೆ.

ನಿಟ್ಟೂರು, ಉಡೇಗೋಳಗಳ ಶಾಸನಗಳು ಇದರ ಮುಂದಿನ ಮಾತನ್ನು ಹೇಳುವಂಥವು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳಲ್ಲಿಯೂ ಇರುವ ಈ ಕಿರುಶಾಸನದ ತಾತ್ಪರ್ಯ ಹೀಗೆ: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲೊಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರಕ್ಕೆ ಬಂದ ಮೇಲೆ ಚೆನ್ನಾಗಿ ಶ್ರಮಿಸಿದೆ, ಅದಕ್ಕೆ ಫಲ ದೊರೆಯಿತು. ಈ ಫಲ ದೊಡ್ಡವರಿಗೆ ಮಾತ್ರ ಸಿಕ್ಕುವಂಥದಲ್ಲ, ಚಿಕ್ಕವರೂ ಶ್ರಮಿಸಿದರೆ ಪಡೆಯಬಲ್ಲರು. ಗಡಿಯಾಚೆಯವರಿಗೂ ಇದು ತಿಳಿಯಲಿ. ಈ ಪ್ರಯತ್ನ ಬಹುಕಾಲ ನಿಲ್ಲಲಿ. ಇಲ್ಲಿ ಶ್ರಮ ಎಂದು ನಾನು ಹೇಳಿದ ಕಡೆಯಲ್ಲಿ ಶಾಸನದ ಪ್ರಾಕೃತದಲ್ಲಿರುವ ಶಬ್ದ ‘ಪಕಮ’, ಅಂದರೆ ಪ್ರಕ್ರಮ, ‘ಪರಾಕ್ರಮ’ದ ಒಡಹುಟ್ಟು. ಅಶೋಕನ ಬೇರೆ ಶಾಸನಗಳಲ್ಲಿ ಪರಾಕ್ರಮ ಎಂಬ ಶಬ್ದವೇ ಇದೇ ಅರ್ಥದಲ್ಲಿ ಬರುತ್ತದೆ. ನಾವು ಪರಾಕ್ರಮ ಎಂದೊಡನೆ ಕತ್ತಿ ಕುದುರೆಗಳನ್ನು ನೆನೆಯುತ್ತೇವೆ. ನಮ್ಮ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ, ಚಂಪೂಕಾವ್ಯಗಳಲ್ಲಿ ಆ ಮಾತು ರಣರಂಗಕ್ಕೆ ಅಂಟಿಕೊಂಡಿದೆ. ಕಳಿಂಗವನ್ನು ಗೆದ್ದು ಬಂದ ಚಕ್ರವರ್ತಿಗೆ ಆ ಅರ್ಥ ತಿಳಿಯದೆ ಇರಲಿಲ್ಲ. ತಿಳಿದೂ ಆ ಮಾತನ್ನು ಅವನು ಧರ್ಮದ ದುಡಿಮೆಗೆ ಉಪಯೋಗಿಸಿದ. ದುಃಖಕ್ಕೂ ಶಾಂತಿಗೂ ನಡುವಣ ಹೆಜ್ಜೆ ಎಂದೆನಲ್ಲ, ಅದು ಇದು: ದಿನದಿನದ ಶ್ರಮ. ದುರ್ಯೋಧನನ ಕಣ್ಣೀರು ಛಲಕ್ಕೆ ಹೋಯಿತು. ಅಶೋಕನ ಕಣ್ಣೀರು ಕೆಲಸಕ್ಕೆ ಹೋಯಿತು.

ಒಮ್ಮೆ ನಿಟ್ಟೂರಿನಲ್ಲಿ ಆ ಬಂಡೆಯ ಬಳಿ ನಿಂತಿದ್ದಾಗ ಹೊಲಕ್ಕೆ ಹೊರಟಿದ್ದ ಹಿರಿಯ ರೈತರೊಬ್ಬರು, “ಏನ್ ಬರದಾರ್ರೀ ಇದರಾಗ?” ಎಂದು ಕೇಳಿದರು. ಅಶೋಕನ ಕಿರುಶಾಸನಗಳ ಸಾರವನ್ನು ತಿಳಿದಷ್ಟು ಹೇಳಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಗಳಲ್ಲಿ ದಯೆಯಿರಬೇಕು, ಸತ್ಯ ಹೇಳಬೇಕು, ಸಣ್ಣವರೂ ದೊಡ್ಡವರೂ ಇದಕ್ಕಾಗಿ ದುಡಿಯಬೇಕು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಇಷ್ಟ್ ಹೇಳಾಕ ಕಲ್ಲs ಬೇಕಾತೇನ್ರೀ?” ಎಂದು ನಕ್ಕು ನಡೆದರು. ಮಾತು ವಿನೋದದ್ದಾದರೂ ವಿಚಾರಕ್ಕೆ ತಕ್ಕದ್ದು. ಕಲ್ಲೇ ಬೇಕಾಯಿತು. ಏಕೆಂದರೆ ಮನುಷ್ಯ ಮರೆಯುತ್ತಾನೆ. ಈ ಲಿಪಿಯನ್ನೇ ನಾವು ಮರೆತು ಎಷ್ಟೋ ಶತಮಾನ ಕಳೆದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿ ತಿಳಿಯುವವರೆಗೆ ಈ ದೇಶದಲ್ಲಿ ಈ ಬಂಡೆಗಳು ಮೂಕವಾಗಿದ್ದವು. ನಿಟ್ಟೂರಿನ ಕಲ್ಲಂತೂ ತನ್ನನ್ನು ಓದಬಲ್ಲವರಿಗಾಗಿ ಇನ್ನೂ ನೂರಮೂವತ್ತಕ್ಕೂ ಹೆಚ್ಚು ವರ್ಷ ಕಾದಿತು. ಕೇಳುವವರಿಲ್ಲದ ಕಾಲದಲ್ಲಿಯೂ ಅಳಿಯದೆ ಉಳಿದದ್ದರಿಂದಲೇ ಇಂದು ಅದು ನಮಗೆ ಕೇಳಿಸುತ್ತಿದೆ.

ಹೀಗೆಂದ ಮಾತ್ರಕ್ಕೆ ಅಶೋಕನನ್ನು ನಾವು ದೇವರಾಗಿ ಮಾಡಬೇಕಾಗಿಲ್ಲ. ಅವನು ಕಳಿಂಗವನ್ನು ಹಿಂದಕ್ಕೆ ಕೊಡಲಿಲ್ಲ. ಪಶ್ಚಾತ್ತಾಪದ ಅದೇ ಶಾಸನದಲ್ಲಿ ಅಡವಿಯ ಜನರಿಗೆ ಎಚ್ಚರಿಕೆಯ ಮಾತೂ ಇದೆ. ಒಡಿಶಾದ ಧೌಲಿ, ಜೌಗಡಗಳಲ್ಲಿ, ಅಂದರೆ ಕಳಿಂಗದ ನೆಲದಲ್ಲಿಯೇ, ಆ ಹದಿಮೂರನೆಯ ಶಾಸನವನ್ನು ಕೆತ್ತಿಸದೆ, ಪ್ರಜೆಗಳೆಲ್ಲ ನನ್ನ ಮಕ್ಕಳೆಂಬ ಬೇರೆ ಶಾಸನಗಳನ್ನು ಕೆತ್ತಿಸಿದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯೊಂದರ ಚಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಆಧಾರವಾಗಿದ್ದ ಕಲ್ಲಿನ ಮೇಲೆ ಕಾಣಿಸಿಕೊಂಡದ್ದೂ ಆ ಕಳಿಂಗದ ಮಾದರಿಯ ಶಾಸನಗಳೇ. ನೊಂದ ನೆಲದಲ್ಲಿ ನೋವಿನ ಲೆಕ್ಕವನ್ನು ಬರೆಸದೆ ಇದ್ದುದು ನಾಚಿಕೆಯಿಂದಲೋ ರಾಜನೀತಿಯಿಂದಲೋ, ವಿದ್ವಾಂಸರು ಚರ್ಚಿಸಲಿ. ನಮಗೆ ಮುಖ್ಯವಾದದ್ದು ಇಷ್ಟು: ಶಾಂತಿಗಾಗಿ ದುಡಿದವರು ಪರಿಪೂರ್ಣರಾಗಿರಲಿಲ್ಲ. ಪರಿಪೂರ್ಣರು ಬರಲಿ ಎಂದು ಕಾಯುತ್ತ ಕುಳಿತರೆ ಯಾವ ಕೆಲಸವೂ ಆರಂಭವಾಗುವುದಿಲ್ಲ.

ನಮ್ಮ ಸೀಮೆ ಮೊದಲಿನಿಂದಲೂ ಕೋಟೆಗಳ ಸೀಮೆ. ಕುರುಗೋಡಿನ ಬೆಟ್ಟವನ್ನು ತಾವು ನೋಡಿರಬಹುದು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಅಲ್ಲಿಂದ ಆಳಿದರು. ಇಂದು ಕುರುಗೋಡು ಎಂದರೆ ಜನರಿಗೆ ನೆನಪಾಗುವುದು ದೊಡ್ಡಬಸವೇಶ್ವರ. ಆ ಬೃಹದಾಕಾರದ ನಂದಿಯ ಜಾತ್ರೆಗೆ ಸಾವಿರಾರು ಜನ ಸೇರುತ್ತಾರೆ. ಬೆಟ್ಟದ ಮೇಲಿನ ಕೋಟೆಯನ್ನು ಯಾರಿಂದ ಯಾರು ಯಾವಾಗ ಕಿತ್ತುಕೊಂಡರೆಂಬುದನ್ನು ಕೇಳುವವರಿಲ್ಲ. ಬಳ್ಳಾರಿಯ ಕೋಟೆಯ ವಿಷಯದಲ್ಲಿ ಒಂದು ಕಥೆ ಬಹಳ ಪ್ರಸಿದ್ಧವಾಗಿದೆ. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರಗುಡ್ಡ ಅದಕ್ಕಿಂತ ಎತ್ತರವಾಗಿತ್ತಂತೆ. ಸಿಟ್ಟಿಗೆದ್ದ ನವಾಬ ಎಂಜಿನಿಯರನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಚರಿತ್ರೆಯೋ ದಂತಕಥೆಯೋ, ಜನ ಅದನ್ನು ಮರೆಯದೆ ಹೇಳುತ್ತ ಬಂದಿದ್ದಾರೆ. ಎಷ್ಟೇ ಎತ್ತರದ ಕೋಟೆ ಕಟ್ಟಿದರೂ ಎದುರಿಗೆ ಒಂದು ಗುಡ್ಡ ಒಂದು ಮೊಳ ಹೆಚ್ಚೇ ಇರುತ್ತದೆ ಎಂಬ ಅರಿವು ಆ ಕಥೆಯಲ್ಲಿದೆ. ಅಣುಬಾಂಬುಗಳನ್ನು ಎಣಿಸಿ ಎಣಿಸಿ ಕೂಡಿಡುವ ಕಾಲಕ್ಕೂ ಅದು ಸಲ್ಲುತ್ತದೆ.

ತುಂಗಭದ್ರೆ ಕೃಷ್ಣೆಗಳ ನಡುವಣ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆ ಬಳಿಕ ಬಿಜಾಪುರದವರೂ ಇನ್ನೂರು ವರ್ಷ ಕಾದಾಡಿದರು. ಹದಿನಾಲ್ಕನೆಯ ಶತಮಾನದಲ್ಲಿ ಬುಕ್ಕರಾಯನಿಗೂ ಮಹಮ್ಮದ ಷಾನಿಗೂ ನಡೆದ ಯುದ್ಧವನ್ನು ಫೆರಿಷ್ತಾ ಎಂಬ ಚರಿತ್ರಕಾರ ವಿವರಿಸಿದ್ದಾನೆ. ಮುದಗಲ್ಲಿನ ಕಾವಲುಪಡೆಯ ವಧೆಯಾಯಿತು. ಸುಲ್ತಾನ ಲಕ್ಷ ಜನರನ್ನು ಕೊಲ್ಲುವೆನೆಂದು ಪ್ರತಿಜ್ಞೆ ಮಾಡಿದ. ಹೆಂಗಸರು ಮಕ್ಕಳೆನ್ನದೆ ಕೊಲೆ ನಡೆಯಿತು. ಕೊನೆಗೆ ವಿಜಯನಗರದ ರಾಯಭಾರಿಗಳು ಬಂದು, ಎರಡು ರಾಜ್ಯಗಳೂ ಎಂದೆಂದಿಗೂ ನೆರೆಯವರಾಗಿಯೇ ಇರಬೇಕಾದದ್ದು, ನಿರಾಯುಧರನ್ನು ಕೊಲ್ಲುವ ಪದ್ಧತಿ ನಿಲ್ಲಲಿ ಎಂದು ಕೇಳಿಕೊಂಡರಂತೆ. ಸುಲ್ತಾನ ಒಪ್ಪಿ, ತನ್ನ ಮುಂದಿನವರಿಗೂ ಇದು ಕಟ್ಟಳೆಯಾಗಲೆಂದನಂತೆ. ಆ ಕಟ್ಟಳೆ ಮುಂದೆ ಹಲವು ಸಲ ಮುರಿಯಿತು. 1565ರ ಬಳಿಕ ಹಂಪೆಗೆ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಅಂಥ ಒಂದು ಮಾತು ಆಗಿತ್ತೆಂಬುದನ್ನು ಜನ ಶತಮಾನಗಳ ಮೇಲೂ ನೆನಪಿಟ್ಟುಕೊಂಡಿದ್ದರು. ಸೆರೆಯಾಳನ್ನು ಕೊಲ್ಲಬಾರದು, ನಿರಾಯುಧನನ್ನು ಮುಟ್ಟಬಾರದು ಎಂದು 1864ರಿಂದೀಚೆಗೆ ಜಿನೀವಾದಲ್ಲಿ ಆದ ಒಪ್ಪಂದಗಳ ಕನಸು ನಮ್ಮ ತುಂಗಭದ್ರೆಯ ದಡದ ಜನರಿಗೂ ಬಿದ್ದಿತ್ತು. ಬಳ್ಳಾರಿಯ ತುರ್ಕಿ ಸೆರೆಯಾಳುಗಳನ್ನು ನೋಡಲು ಮೂರನೆಯ ದೇಶದ ಜನ ಬಂದದ್ದು ಅದೇ ಕನಸಿನ ಒಂದು ತುಣುಕು.

ಅದೇ ತುಂಗಭದ್ರೆ ಇಂದು ಏನಾಗಿದೆ ನೋಡಿ. ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1945ರ ಫೆಬ್ರವರಿಯಲ್ಲಿ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಹಿರೋಷಿಮಾದ ಮೇಲೆ ಬಾಂಬು ಬೀಳುವುದಕ್ಕೆ ಇನ್ನೂ ಐದು ತಿಂಗಳಿಗೂ ಹೆಚ್ಚು ಕಾಲವಿತ್ತು. ಅಂಥ ದಿನಗಳಲ್ಲಿ ಮದರಾಸು ಸರ್ಕಾರವೂ ಹೈದರಾಬಾದಿನ ನಿಜಾಮ ಸಂಸ್ಥಾನವೂ ಒಂದೇ ನದಿಯ ಎರಡು ದಡಗಳಿಂದ ಒಂದೇ ಕಟ್ಟೆಯನ್ನು ಕಟ್ಟಲು ಒಪ್ಪಿದವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸಿರುಗುಪ್ಪದ ಭತ್ತದ ಗದ್ದೆಗಳು ಆ ನೀರಿನ ಮಕ್ಕಳು. ಕುದುರೆಗಳು ದಾಟಿದ ಹೊಳೆ ಇಂದು ಮೂರು ರಾಜ್ಯಗಳ ಹೊಲಕ್ಕೆ ಹಂಚಿಕೆಯಾಗುತ್ತದೆ; ಹಂಚುವುದಕ್ಕೆ ತುಂಗಭದ್ರಾ ಮಂಡಳಿ ಇದೆ. ಜಗಳವಿಲ್ಲವೆಂದಲ್ಲ. ಪ್ರತಿ ಬೇಸಿಗೆಯಲ್ಲಿ ಜಗಳವಿದೆ. 1969ರಲ್ಲಿ ರಚಿತವಾದ ಬಚಾವತ್ ನ್ಯಾಯಮಂಡಳಿಯಿಂದ ಮೊದಲುಗೊಂಡು ವಾದವಿವಾದಗಳ ಕಡತಗಳು ಬೆಟ್ಟದಷ್ಟಾಗಿವೆ. ಆದರೆ ಈಗ ಆ ಜಗಳ ಲೆಕ್ಕಪತ್ರಗಳಲ್ಲಿ, ಸಭೆಗಳಲ್ಲಿ, ಕೋರ್ಟುಗಳಲ್ಲಿ ನಡೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ರೈತನಿಗೂ ಕರ್ನೂಲಿನ ರೈತನಿಗೂ ಒಂದೇ ಚಿಂತೆಯಾಯಿತು. ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ನಿಲ್ಲಿಸಿದ ಕೆಲಸಗಾರರನ್ನು ಮೂರು ರಾಜ್ಯದವರೂ ಹೊಗಳಿದರು. ಶಾಂತಿ ಎಂದರೆ ಜಗಳವೇ ಇಲ್ಲದ ಸ್ವರ್ಗ ಎಂದು ತಿಳಿದವರಿಗೆ ಅದು ಎಂದೂ ಕಾಣಿಸದು. ಜಗಳವಾಡಲು ಕೊಲೆಯಲ್ಲದ ಒಂದು ದಾರಿಯನ್ನು ಕಟ್ಟಿಟ್ಟುಕೊಳ್ಳುವುದೇ ಶಾಂತಿ.

ಬಳ್ಳಾರಿ ನಗರ ಇದನ್ನು ಇನ್ನೊಂದು ರೀತಿಯಲ್ಲಿಯೂ ಕಲಿತಿದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಬಳ್ಳಾರಿ ಯಾರಿಗೆ ಸೇರಬೇಕೆಂಬ ವಿವಾದ ಊರನ್ನು ಎರಡಾಗಿ ಸೀಳಿತ್ತು. ಆಯೋಗಗಳು ಬಂದವು, ಆದೋನಿ ಆಲೂರು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆ ಚಪ್ಪರ ಸಿದ್ಧಪಡಿಸುತ್ತಿದ್ದ ಪಿಂಜಾರ ರಂಜಾನ್ ಸಾಬ್ ದುಷ್ಕರ್ಮಿಗಳ ಆ್ಯಸಿಡ್ ದಾಳಿಗೆ ಬಲಿಯಾದರು. ಅಂಥ ಗಾಯವಾದ ಊರಿನಲ್ಲಿ ಮುಂದೆ ಏನಾಯಿತು? ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಕನ್ನಡ ತೆಲುಗು ಉರ್ದುಗಳು ಕೂಡಿ ಬದುಕಿದವು. ಎರಡೂ ಭಾಷೆಗಳ ರಂಗಭೂಮಿಯನ್ನು ಬೆಳಗಿಸಿದ ಬಳ್ಳಾರಿ ರಾಘವರನ್ನು ಎರಡೂ ಭಾಷೆಯವರು ತಮ್ಮವರೆನ್ನುತ್ತಾರೆ. ಯಾವ ದೊಡ್ಡ ಘೋಷಣೆಯಿಂದಲೂ ಇದು ಆಗಲಿಲ್ಲ. ಅಂಗಡಿಯ ವ್ಯವಹಾರ, ಮದುವೆ ಮುಂಜಿ, ಶಾಲೆಯ ಬೆಂಚು, ನೆರೆಮನೆಯ ಮಜ್ಜಿಗೆ, ಇಂಥವು ಮೆಲ್ಲಗೆ ಮಾಡಿದ ಕೆಲಸ ಇದು. ಅಶೋಕನ ಮಾತಿನ ‘ಚಿಕ್ಕವರ’ ಪರಾಕ್ರಮ ಇದೇ.

ಇಷ್ಟು ಹೇಳಿ ನಾನು ನಿಲ್ಲಿಸಿದರೆ ಪ್ರಾಮಾಣಿಕವಾಗಲಾರದು. ಕಟ್ಟಿದ್ದು ಒಡೆಯುವುದೂ ಉಂಟು. 1960ರ ಸಿಂಧೂ ನದಿ ಒಪ್ಪಂದ 1965, 1971, 1999ರ ಯುದ್ಧಗಳನ್ನು ದಾಟಿ ಉಳಿದಿತ್ತು. ಪಹಲ್ಗಾಮಿನ ಹತ್ಯೆಗಳ ಬಳಿಕ 2025ರ ಏಪ್ರಿಲಿನಲ್ಲಿ ಭಾರತ ಅದನ್ನು ತಡೆಹಿಡಿಯಿತು. ನಿರಪರಾಧಿಗಳನ್ನು ಕೊಂದವರ ಎದುರು ಸುಮ್ಮನಿರಬೇಕೆಂದು ನಾನು ಹೇಳುವವನಲ್ಲ. ದೇಶವನ್ನು ಕಾಯುವವರ ತ್ಯಾಗವನ್ನು ಹಗುರ ಮಾಡುವವನೂ ಅಲ್ಲ. ಶಾಂತಿ ಒಮ್ಮೆ ಕಟ್ಟಿ ಬಾಗಿಲು ಹಾಕಿಕೊಂಡು ಹೋಗಬಹುದಾದ ಮನೆಯಲ್ಲ ಎಂಬುದಷ್ಟೇ ನನ್ನ ಮಾತು. ಅದು ಕಾಲುವೆಯ ಹಾಗೆ. ವರ್ಷವರ್ಷವೂ ಹೂಳೆತ್ತಬೇಕು, ಏರಿ ಬಿರಿದಲ್ಲಿ ಮಣ್ಣು ತುಂಬಬೇಕು. ಒಂದು ವರ್ಷ ಬಿಟ್ಟರೆ ಕೊನೆಯ ಹೊಲಕ್ಕೆ ನೀರು ಹೋಗುವುದಿಲ್ಲ.

ಹಾಗಾದರೆ ದೂರದ ಊರಿನಲ್ಲಿ ಕುಳಿತ ನಾವು ಮಾಡಬಹುದಾದದ್ದು ಏನು? ಮೊದಲನೆಯದು, ಕೇಳುವ ಕ್ರಮ. ವಾರ್ತೆಯನ್ನು ದಿನವಿಡೀ ಚಪ್ಪರಿಸುತ್ತ ಕೂರದೆ ಹೊತ್ತಿಗೊಮ್ಮೆ ಕೇಳಿ, ಕೇಳಿದ್ದರಲ್ಲಿ ಒಂದು ಮುಖವನ್ನಾದರೂ ಮನಸ್ಸಿನಲ್ಲಿ ಇರಿಸಿಕೊಳ್ಳುವುದು, ಶತ್ರುಪಕ್ಷದ್ದಾದರೂ ಸರಿ. ದುರ್ಯೋಧನನಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವಾಗಬಾರದು. ಎರಡನೆಯದು, ಆಡುವ ಮಾತು. ಯುದ್ಧದ ಕಾಲದಲ್ಲಿ ಸುಳ್ಳು ಕುದುರೆಗಿಂತ ವೇಗವಾಗಿ ಓಡುತ್ತದೆ. ಈಗಂತೂ ಎಲ್ಲರ ಕೈಯಲ್ಲೂ ಅದಕ್ಕೊಂದು ಯಂತ್ರವಿದೆ. ಖಚಿತವಾಗಿ ತಿಳಿಯದ್ದನ್ನು ಇನ್ನೊಬ್ಬರಿಗೆ ದಾಟಿಸದಿರುವುದು ಸಣ್ಣ ಸೇವೆಯಲ್ಲ. ಸಾವನ್ನು ಆಟದ ಗೆಲುವಿನಂತೆ ಕೂಗಿ ಹೇಳುವ ಭಾಷೆಯನ್ನು ನಮ್ಮ ಮನೆಯ ಪಡಸಾಲೆಗೆ ಬಿಟ್ಟುಕೊಳ್ಳದಿರೋಣ. ಮೂರನೆಯದು, ಮಕ್ಕಳು. ಹಂಪೆಗೆ ಕರೆದೊಯ್ಯುವ ಹಾಗೆಯೇ ಅವರನ್ನು ನಿಟ್ಟೂರಿಗೂ ಕರೆದೊಯ್ಯಿರಿ. ಗೆದ್ದವರ ಕಥೆಯೊಡನೆ, ಗೆದ್ದು ನೊಂದವನ ಕಥೆಯನ್ನೂ ಹೇಳಿರಿ. ನಾಲ್ಕನೆಯದು, ನಮ್ಮ ಬೀದಿ. ಗಾಜಾದಲ್ಲಿಯೋ ಖಾರ್ಕಿವಿನಲ್ಲಿಯೋ ನಾವು ಕದನವನ್ನು ನಿಲ್ಲಿಸಲಾರೆವು. ನೆರೆಯವನೊಡನೆ ವರ್ಷಗಳಿಂದ ನಿಂತಿರುವ ಮಾತನ್ನು ಇಂದು ಸಂಜೆಯೇ ಮತ್ತೆ ಆರಂಭಿಸಬಲ್ಲೆವು. ಇದರಿಂದ ದೂರದ ಯುದ್ಧ ನಿಲ್ಲುತ್ತದೆಂದು ನಾನು ಭರವಸೆ ಕೊಡಲಾರೆ. ಯುದ್ಧವನ್ನು ಬೇಡವೆನ್ನಬಲ್ಲ ಜನ ಇಂಥ ಬೀದಿಗಳಲ್ಲಿಯೇ ಬೆಳೆಯಬೇಕು ಎಂಬುದನ್ನಂತೂ ಬಲ್ಲೆ.

ನಿರೀಕ್ಷೆ ಎಂಬುದು ಸಂಸ್ಕೃತದ ಮಾತು. ಅದರೊಳಗೆ ಈಕ್ಷಣವಿದೆ, ನೋಡುವುದು ಎಂಬ ಅರ್ಥವಿದೆ. ಕಣ್ಣು ಮುಚ್ಚಿಕೊಂಡು ಇಟ್ಟುಕೊಳ್ಳುವ ಆಸೆಗೆ ನಿರೀಕ್ಷೆ ಎಂಬ ಹೆಸರು ಸಲ್ಲದು. ನೆಲ ಒಣಗಿದೆಯೆಂದು ಚೆನ್ನಾಗಿ ಕಂಡೂ ನಮ್ಮ ಎರೆಸೀಮೆಯ ರೈತ ಕುಂಟೆ ಹೊಡೆದು ಹೊಲ ಹದಮಾಡುತ್ತಾನೆ. ಮಳೆ ಬಂದೇ ಬರುತ್ತದೆಂದು ಅವನಿಗೆ ಯಾರೂ ಬರೆದುಕೊಟ್ಟಿಲ್ಲ. ಬಂದ ದಿನ ಹೊಲ ಸಿದ್ಧವಾಗಿರದಿದ್ದರೆ ಬಂದ ಮಳೆಯೂ ವ್ಯರ್ಥವಾಗುತ್ತದೆಂಬುದನ್ನು ಮಾತ್ರ ಅವನು ಬಲ್ಲ. ಶಾಂತಿಯ ವಿಷಯದಲ್ಲಿ ನಮ್ಮ ಪಾಲಿನ ಕೆಲಸವೂ ಅಷ್ಟೇ, ಅದಕ್ಕಿಂತ ಕಡಿಮೆಯೂ ಅಲ್ಲ.